ಚಂಡಮಾರುತ ಬರುವಾಗ ಏನನ್ನು ಬೇಡೋಣ?



ಜಗನ್ಮಾತೆಯ ಆರಾಧನೆಗೆಂದು ಹಿರಿಯರು ಗೊತ್ತುಪಡಿಸಿದ ಈ ಒಂಬತ್ತು ರಾತ್ರಿಗಳು ಚೆನ್ನೈ ಮಹಾನಗರದಲ್ಲಿ ನೆಲಸಿರುವ ನಮಗೆ ಇನ್ನೊಂದು ಕಾಲದ ಹೊಸ್ತಿಲೂ ಹೌದು. ಊರಿನಲ್ಲಿ ನಮ್ಮ ತಾತ ಮುತ್ತಾತಂದಿರಿಗೆ ಮುಂಗಾರೇ ಮುಖ್ಯವಾದ ಮಳೆಗಾಲವಾಗಿತ್ತು. ಇಲ್ಲಿಯ ಲೆಕ್ಕವೇ ಬೇರೆ. ಈ ನಗರಕ್ಕೆ ವರ್ಷದಲ್ಲಿ ಬೀಳುವ ಮಳೆಯ ಅರ್ಧಕ್ಕಿಂತ ಹೆಚ್ಚು ಪಾಲು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರಿನದು. ದಸರೆಯ ಗೊಂಬೆಗಳನ್ನು ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿದ ಕೆಲವೇ ದಿನಗಳಲ್ಲಿ ನಮ್ಮೆಲ್ಲರ ಕಣ್ಣು ಬಂಗಾಳ ಕೊಲ್ಲಿಯ ಕಡೆಗೆ ತಿರುಗುತ್ತದೆ. ಅಂಡಮಾನಿನ ಸಮೀಪ ವಾಯುಭಾರ ಕುಸಿದಿದೆ ಎಂಬ ಒಂದು ಸಾಲಿನ ಸುದ್ದಿ ಬಂದರೆ ಸಾಕು, ಮನೆಯ ಯಜಮಾನನಿಂದ ಹಿಡಿದು ಶಾಲೆಗೆ ಹೋಗುವ ಮಗುವಿನವರೆಗೆ ಎಲ್ಲರೂ ಹವಾಮಾನ ಪಂಡಿತರಾಗಿಬಿಡುತ್ತಾರೆ. ಮಗುವಿಗೆ ರಜೆ ಸಿಗುವುದೇ ಎಂಬ ಆಸೆ, ದೊಡ್ಡವರಿಗೆ ನೀರು ಒಳಗೆ ನುಗ್ಗುವುದೇ ಎಂಬ ಅಂಜಿಕೆ.

ಆ ದಿನಗಳಲ್ಲಿ ದೇವರ ಮನೆಯ ದೀಪದ ಮುಂದೆ ನಿಂತಾಗ ನಮ್ಮ ಬಾಯಿಂದ ಸಹಜವಾಗಿ ಹೊರಡುವ ಮಾತು ಯಾವುದು? “ತಾಯೀ, ಇದು ನಮ್ಮೂರಿಗೆ ಬಾರದಿರಲಿ, ಬೇರೆ ಕಡೆಗೆ ತಿರುಗಿ ಹೋಗಲಿ” ಎಂಬುದೇ ಅಲ್ಲವೇ? ಈ ಪ್ರಾರ್ಥನೆ ಸರಿಯೇ, ಸರಿಯಲ್ಲವಾದರೆ ಬೇಡಬೇಕಾದುದೇನು ಎಂಬುದನ್ನು ನಾವೆಲ್ಲರೂ ಕೂಡಿ ಆಲೋಚಿಸೋಣವೆಂಬುದೇ ಈ ಲೇಖನದ ಉದ್ದೇಶ. ಬ್ಯಾಂಕಿನ ಮೇಜಿನ ಮುಂದೆ ಕುಳಿತು ಲೆಕ್ಕ ಬರೆಯುವ ನನಗೆ ಶಾಸ್ತ್ರಾಧಿಕಾರವೇನೂ ಇಲ್ಲ. ಹಿರಿಯರ ಬಾಯಿಂದ ಕೇಳಿದ್ದನ್ನೂ ಈ ಕರಾವಳಿಯಲ್ಲಿ ಬಾಳುತ್ತ ಕಂಡದ್ದನ್ನೂ ಒಂದೆಡೆ ಇಟ್ಟು ನೋಡುವ ಪ್ರಯತ್ನವಷ್ಟೇ ಇದು.

ಮೊದಲು ನಾವು ಕಾದು ಕುಳಿತು ನೋಡುವ ಆ ಮುನ್ಸೂಚನೆಯ ಸ್ವರೂಪವನ್ನು ತಿಳಿಯೋಣ. ಕಲ್ಕತ್ತೆಯನ್ನು 1864ರ ಅಕ್ಟೋಬರಿನಲ್ಲಿ ಭೀಕರ ಚಂಡಮಾರುತವೊಂದು ಹಾಳುಗೆಡವಿತು. ಅದರ ಬೆನ್ನಲ್ಲೇ ಬರಗಾಲಗಳು ಬಂದವು. ಈ ಅನುಭವಗಳ ಫಲವಾಗಿ 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿಕೊಂಡಿತು. ಆಂಗ್ಲರು ಬಳಸುವ ‘ಸೈಕ್ಲೋನ್’ ಎಂಬ ಪದವೂ ನಮ್ಮ ಈ ಕೊಲ್ಲಿಯ ದಡದಲ್ಲಿಯೇ ಹುಟ್ಟಿದ್ದು. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತನು 1840ರ ದಶಕದಲ್ಲಿ ಹಾವಿನ ಸುರುಳಿಯನ್ನು ನೆನೆದು ಗ್ರೀಕ್ ಭಾಷೆಯಿಂದ ಅದನ್ನು ರೂಪಿಸಿದನು. ಇಂದು ಗಾಳಿಯ ವೇಗವು ಗಂಟೆಗೆ 62 ಕಿಲೋಮೀಟರನ್ನು ಮುಟ್ಟಿದೊಡನೆ ಆ ಸುರುಳಿಗೆ ಹೆಸರಿಡಲಾಗುತ್ತದೆ. ತೀರಕ್ಕೆ ಅಪಾಯವಿದೆಯೆಂದು ಕಂಡರೆ 72 ಗಂಟೆಗಳ ಮೊದಲು ಒಂದು ಎಚ್ಚರಿಕೆ, 48 ಗಂಟೆಗಳ ಮೊದಲು ಇನ್ನೊಂದು, 24 ಗಂಟೆಗಳ ಮೊದಲು ಮತ್ತೊಂದು, 12 ಗಂಟೆಗಳ ಮೊದಲು ಕೊನೆಯದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮಾತು ಹೊರಡುತ್ತದೆ.

ಆದರೆ ಈ ಮಾತು ಗಳಿಗೆಗೊಮ್ಮೆ ಬದಲಾಗುವುದೇಕೆ? ನಿನ್ನೆ ನೆಲ್ಲೂರು ಎಂದವರು ಇಂದು ಚೆನ್ನೈ ಎನ್ನುವುದೇಕೆ? ಚಂಡಮಾರುತಕ್ಕೆ ತನ್ನದೇ ಆದ ಕಾಲುಗಳಿಲ್ಲ. ಅದು ಬೆಚ್ಚನೆಯ ಸಮುದ್ರದಿಂದ ಬಲವನ್ನು ಹೀರಿಕೊಳ್ಳುತ್ತದೆ. ಆದರೆ ಎತ್ತ ಸಾಗಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಸುತ್ತಲೂ ಎತ್ತರದಲ್ಲಿ ಹರಿಯುವ ವಿಶಾಲವಾದ ಗಾಳಿಯ ಪ್ರವಾಹಗಳು. ಹೊಳೆಯ ಸುಳಿಯು ಹೊಳೆಯ ಸೆಳೆತದೊಡನೆ ಸಾಗುವ ಹಾಗೆ ಇದೂ ಸಾಗುತ್ತದೆ. ಎರಡು ಸೆಳೆತಗಳ ನಡುವೆ ಸಿಕ್ಕಿಬಿದ್ದರೆ ನಿಂತಲ್ಲಿಯೇ ನಿಲ್ಲುತ್ತದೆ. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗದಲ್ಲಿ, ದಿಕ್ಕಿನಲ್ಲಿ ಹೆಚ್ಚಿನ ಅಂತರವಿದ್ದರೆ ಅದರ ಕಟ್ಟು ಸಡಿಲಿ ಬಲಗುಂದುತ್ತದೆ. ನಡುಗಡಲಿನಲ್ಲಿ ಅಳೆದು ನೋಡುವ ಉಪಕರಣಗಳು ವಿರಳ. ಉಪಗ್ರಹದ ಕಣ್ಣೂ ತೀರದ ರೇಡಾರಿನ ಕಣ್ಣೂ ಕಂಡಷ್ಟರಿಂದ ಉಳಿದುದನ್ನು ಗಣಿಸಬೇಕು. ಇಂದಿನ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮೂರನೆಯ ದಿನಕ್ಕೆ ಅದು ಒಂದು ಜಿಲ್ಲೆಯಷ್ಟಾಗಿ ಬೆಳೆದಿರುತ್ತದೆ. ಇದರಿಂದಲೇ ಭೂಪಟದಲ್ಲಿ ಬರೆಯುವ ಚಂಡಮಾರುತದ ದಾರಿ ಒಂದು ಗೆರೆಯಾಗಿರದೆ, ನಾಳೆಗೆ ಇಕ್ಕಟ್ಟಾಗಿ, ನಾಡಿದ್ದಿಗೆ ಅಗಲವಾಗಿ, ಕಹಳೆಯ ಬಾಯಿಯಂತೆ ತೆರೆದುಕೊಳ್ಳುತ್ತದೆ. ಆ ಕಹಳೆಯ ಅಗಲವು ಬಿರುಗಾಳಿಯ ಅಗಲವೆಂದು ಅನೇಕರು ಭಾವಿಸುತ್ತಾರೆ. ಅದು ನಿಜವಲ್ಲ. ಅದು ಮನುಷ್ಯನ ಅರಿವು ಎಷ್ಟು ದೂರ ನಿಚ್ಚಳವಾಗಿದೆ, ಎಲ್ಲಿಂದ ಮಸುಕಾಗುತ್ತದೆ ಎಂಬುದರ ಅಳತೆ.

ಮುನ್ಸೂಚನೆ ತಿದ್ದುಪಡಿಯಾದಾಗಲೆಲ್ಲ “ಇವರಿಗೆ ಏನೂ ಗೊತ್ತಿಲ್ಲ” ಎಂದು ನಗುವವರಿದ್ದಾರೆ. ಅವರಿಗೆ ನಮ್ಮ ವೃತ್ತಿಯ ಒಂದು ನಿಯಮವನ್ನು ಹೇಳಬೇಕೆನಿಸುತ್ತದೆ. ಲೆಡ್ಜರಿನಲ್ಲಿ ಅಂಕಿಯೊಂದು ತಪ್ಪಾಗಿ ಬಿದ್ದರೆ ಅದನ್ನು ಅಳಿಸಬಾರದು, ಕೆರೆಯಬಾರದು. ಹಳೆಯ ಅಂಕಿಯು ಓದಲು ಕಾಣುವಂತೆ ಒಂದು ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು, ಪಕ್ಕದಲ್ಲಿ ರುಜು ಹಾಕಬೇಕು ಎಂದು ಹಿರಿಯ ಸಹೋದ್ಯೋಗಿಗಳು ನಮಗೆ ಕಲಿಸಿದರು. ಹಾಗೆ ತಿದ್ದಿದ ಪುಟವು ಸುಳ್ಳು ಪುಟವಲ್ಲ. ಅದೇ ಪ್ರಾಮಾಣಿಕವಾದ ಪುಟ. ತಿಳಿದಾಗ ತಿಳಿದಷ್ಟನ್ನು ಹೇಳಿ, ಹೆಚ್ಚು ತಿಳಿದಾಗ ಬಹಿರಂಗವಾಗಿ ತಿದ್ದಿಕೊಳ್ಳುವ ಮುನ್ಸೂಚನೆಯೂ ಅಂಥದೇ. ಈ ನವರಾತ್ರಿಯಲ್ಲಿ ಪಾರಾಯಣ ಮಾಡುವ ದೇವೀ ಮಾಹಾತ್ಮ್ಯದ ಐದನೆಯ ಅಧ್ಯಾಯದಲ್ಲಿ ದೇವತೆಗಳು ತಾಯಿಯನ್ನು ಸ್ತುತಿಸುತ್ತ ಸಕಲ ಪ್ರಾಣಿಗಳಲ್ಲಿ ಬುದ್ಧಿಯಾಗಿ, ಶಕ್ತಿಯಾಗಿ, ದಯೆಯಾಗಿ ಇರುವವಳು ಆಕೆಯೇ ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲದೆ ಭ್ರಾಂತಿಯಾಗಿ ಇರುವವಳೂ ಆಕೆಯೇ ಎಂದು ನಮಸ್ಕರಿಸುತ್ತಾರೆ. ಎಂಥ ಉದಾರವಾದ ದೃಷ್ಟಿ! ನಮ್ಮ ಅರಿವೂ ಅವಳದೇ, ಅರಿವಿನ ಅಂಚಿನಲ್ಲಿ ಕವಿಯುವ ಮಂಜೂ ಅವಳದೇ. ಇದನ್ನು ಮನಗಂಡವನು ಮುನ್ಸೂಚನೆಯನ್ನು ವೇದವಾಕ್ಯವೆಂದೂ ಭಾವಿಸುವುದಿಲ್ಲ, ಹುಸಿಯೆಂದು ತಿರಸ್ಕರಿಸುವುದೂ ಇಲ್ಲ.

ಇನ್ನು ಆ ಪ್ರಾರ್ಥನೆಯ ವಿಷಯ. 2018ರ ನವೆಂಬರಿನಲ್ಲಿ ‘ಗಜ’ ಎಂಬ ಚಂಡಮಾರುತ ಕೊಲ್ಲಿಯಲ್ಲಿ ಹುಟ್ಟಿತು. ಮೊದಲ ಸೂಚನೆಗಳು ಉತ್ತರ ತಮಿಳುನಾಡು ಮತ್ತು ದಕ್ಷಿಣ ಆಂಧ್ರದ ಕರಾವಳಿಯ ಕಡೆಗೆ, ಅಂದರೆ ನಮ್ಮ ಕಡೆಗೆ, ಬೊಟ್ಟುಮಾಡಿದ್ದವು. ದಿನ ಕಳೆದಂತೆ ಗೆರೆ ದಕ್ಷಿಣಕ್ಕೆ ಸರಿಯಿತು. ಆ ಸಂಜೆ ನಮ್ಮ ಬಡಾವಣೆಯ ಭಜನೆಗೆ ಸೇರಿದ್ದವರಲ್ಲಿ ಒಬ್ಬರು “ದೇವರು ದೊಡ್ಡವನು, ನಮ್ಮನ್ನು ಉಳಿಸಿದ” ಎಂದು ಕೈ ಮುಗಿದರು. ಎಲ್ಲರೂ ಹೌದೆಂದು ತಲೆದೂಗಿದೆವು. ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಹಿರಿಯ ತಾಯಿಯೊಬ್ಬರು ತಲೆಯೆತ್ತದೆ ಒಂದೇ ಮಾತು ಕೇಳಿದರು: “ಅದು ಹೋಗುತ್ತಿರುವ ಊರಿನಲ್ಲಿ ದೀಪ ಹಚ್ಚಿ ಬೇಡಿಕೊಂಡವರು ಯಾರೂ ಇಲ್ಲವೇನಪ್ಪಾ?”

ಯಾರಲ್ಲಿಯೂ ಉತ್ತರವಿರಲಿಲ್ಲ. ನವೆಂಬರ್ 16ರ ನಸುಕಿನಲ್ಲಿ ‘ಗಜ’ವು ವೇದಾರಣ್ಯದ ಬಳಿ ದಡವನ್ನು ಹಾಯ್ದಿತು. ಅಲ್ಲಿ ಶಿವನ ಪುರಾತನ ದೇವಾಲಯವಿದೆ. ಸುತ್ತಲಿನ ಹಳ್ಳಿಹಳ್ಳಿಯಲ್ಲಿ ಗುಡಿಗಳಿವೆ, ದೀಪ ಹಚ್ಚುವ ಕೈಗಳಿವೆ. ನಾಗಪಟ್ಟಣ, ತಿರುವಾರೂರು, ತಂಜಾವೂರು, ಪುದುಕ್ಕೋಟೆ ಜಿಲ್ಲೆಗಳಲ್ಲಿ ತೆಂಗಿನ ತೋಟಗಳು ಸಾಲುಸಾಲಾಗಿ ಮಲಗಿದವು. ತೆಂಗಿನ ಸಸಿಯನ್ನು ನೆಟ್ಟು ಅದು ಫಲ ಕೊಡುವವರೆಗೆ ಕಾಯುವುದೆಂದರೆ ಏನೆಂಬುದು ನಮ್ಮಲ್ಲಿ ತಿಪಟೂರು, ಅರಸೀಕೆರೆಯ ಕಡೆಯವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಬಿದ್ದದ್ದು ಮರಗಳಲ್ಲ, ಮಕ್ಕಳ ಓದಿಗೆ, ಮಗಳ ಮದುವೆಗೆ ಎಂದು ನಂಬಿಕೊಂಡಿದ್ದ ಮುಂದಿನ ವರ್ಷಗಳು. ಜನರ ಪ್ರಾಣವೂ ಹೋಯಿತು. ನಮ್ಮ ಪ್ರಾರ್ಥನೆ ಫಲಿಸಿತೆಂದು ಹೇಳುವುದಾದರೆ ಅವರ ಪ್ರಾರ್ಥನೆ ಫಲಿಸಲಿಲ್ಲವೆಂದೂ ಹೇಳಬೇಕಾಗುತ್ತದೆ. ಒಬ್ಬಳೇ ತಾಯಿಯ ಮುಂದೆ ನಿಂತ ಇಬ್ಬರು ಮಕ್ಕಳಲ್ಲಿ ಒಬ್ಬನು “ಏಟು ನನಗೆ ಬೇಡ, ಅವನಿಗೆ ಬೀಳಲಿ” ಎಂದರೆ ಆ ತಾಯಿಗೆ ಹೇಗೆನಿಸೀತು?

ಪುಣ್ಯಸ್ಥಳಗಳಿಗೆ ಬಿರುಗಾಳಿ ರಿಯಾಯಿತಿ ತೋರಿಸುವುದೂ ಇಲ್ಲ. ರಾಮೇಶ್ವರದ ಯಾತ್ರೆಗೆ ಹೋದವರು ಧನುಷ್ಕೋಟಿಯನ್ನು ನೋಡಿಯೇ ಬರುತ್ತಾರೆ. ಶ್ರೀರಾಮಚಂದ್ರನ ಬಿಲ್ಲಿನ ತುದಿಯ ಹೆಸರು ಹೊತ್ತ ಆ ಊರಿನಲ್ಲಿ ರೈಲು ನಿಲ್ದಾಣ, ಅಂಚೆಕಚೇರಿ, ಅಂಗಡಿ ಬೀದಿ ಎಲ್ಲವೂ ಇದ್ದವು. 1964ರ ಡಿಸೆಂಬರ್ 22ರ ರಾತ್ರಿ ಎದ್ದ ಚಂಡಮಾರುತದ ಅಲೆಗಳು ಊರನ್ನೂ, ಊರಿನತ್ತ ಬರುತ್ತಿದ್ದ ರೈಲನ್ನೂ, ಅದರೊಳಗಿದ್ದ ನೂರಕ್ಕೂ ಹೆಚ್ಚು ಪ್ರಯಾಣಿಕರನ್ನೂ ನುಂಗಿದವು. ಆ ರೈಲಿನಲ್ಲಿದ್ದವರಿಗಿಂತ ನಾವು ಹೆಚ್ಚು ಪುಣ್ಯವಂತರೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಅವರಿಗೆ ಆ ರಾತ್ರಿ ಎದುರಿಗೇನಿದೆಯೆಂದು ಹೇಳಬಲ್ಲ ಉಪಗ್ರಹದ ಚಿತ್ರವಿರಲಿಲ್ಲ, ನಮಗಿದೆ. ವ್ಯತ್ಯಾಸ ಅಷ್ಟೇ.

“ಹಾಗಾದರೆ ಚಂಡಮಾರುತವೇ ಹುಟ್ಟದಿರಲಿ ಎಂದು ಬೇಡೋಣವೇ?” ಎಂದು ಕೇಳಬಹುದು. ಅದೂ ಸುಲಭವಲ್ಲ. 2019ರ ಬೇಸಗೆಯಲ್ಲಿ ಈ ನಗರದ ಜಲಾಶಯಗಳು ತಳ ಕಂಡು ಬಿರುಕುಬಿಟ್ಟಿದ್ದವು. ಜುಲೈ ತಿಂಗಳಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ಕುಡಿಯುವ ನೀರನ್ನು ತರಿಸಬೇಕಾಯಿತು. ಪೂಂಡಿಯನ್ನೂ ಪುಳಲ್ ಕೆರೆಯನ್ನೂ ಚೆಂಬರಂಬಾಕ್ಕವನ್ನೂ ತುಂಬುವ ಮಳೆಯಲ್ಲಿ ದೊಡ್ಡ ಪಾಲು ಇದೇ ಕೊಲ್ಲಿಯ ವಾಯುಭಾರ ಕುಸಿತಗಳ ಕೊಡುಗೆ. ಡಿಸೆಂಬರಿನಲ್ಲಿ ಬಾರದಿರಲೆಂದು ಕೈ ಮುಗಿದ ನಾವೇ ಮೇ ತಿಂಗಳಲ್ಲಿ ಖಾಲಿ ಕೊಡಗಳನ್ನು ಸಾಲಿಗಿಟ್ಟು ಮುಗಿಲು ನೋಡುತ್ತೇವೆ. ಇಷ್ಟಕ್ಕೂ ಗಾಳಿಯನ್ನು ಶತ್ರುವೆಂದು ಹೇಗೆ ಕರೆಯೋಣ? ವಾಯುದೇವನನ್ನು ಜಗತ್ಪ್ರಾಣನೆಂದೂ, ಮುಖ್ಯಪ್ರಾಣನೆಂದೂ ಪೂಜಿಸುವ ಪರಂಪರೆ ನಮ್ಮದು. ಸಮುದ್ರದ ಮೇಲೆ ಅಬ್ಬರಿಸುವವನೂ ಮಲಗಿದ ಮಗುವಿನ ಮೂಗಿನಲ್ಲಿ ಮೆಲ್ಲಗೆ ಸುಳಿಯುವವನೂ ಒಬ್ಬನೇ. ಉಸಿರನ್ನು ಬೇಡುವವನು ಗಾಳಿಯೇ ಇಲ್ಲದ ಲೋಕವನ್ನು ಬೇಡಲಾಗದು.

ಹಾಗಾದರೆ ಬೇಡಬೇಕಾದುದೇನು? ನಮಗೆಲ್ಲ ಬಾಲ್ಯದಿಂದ ತಿಳಿದಿರುವ ಗೋವರ್ಧನದ ಕಥೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡೋಣ. ಇಂದ್ರನು ಮುನಿದು ವ್ರಜದ ಮೇಲೆ ಪ್ರಳಯಮೇಘಗಳನ್ನು ಬಿಟ್ಟನು. ಶ್ರೀಕೃಷ್ಣನು ಸರ್ವಶಕ್ತನು. ಆ ಮೋಡಗಳನ್ನು ಮಥುರೆಯ ಕಡೆಗೆ ತಿರುಗಿಸುವುದು ಅವನಿಗೆ ಅಸಾಧ್ಯವಾಗಿತ್ತೇ? ಅಲ್ಲಿದ್ದವನು ಕಂಸ, ತಿರುಗಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೂ ಅವನು ಹಾಗೆ ಮಾಡಲಿಲ್ಲ. ಮಳೆ ಬೀಳುವಲ್ಲಿಯೇ ಬಿದ್ದಿತು. ಅವನು ಬೆಟ್ಟವನ್ನೆತ್ತಿ ಒಂದು ನೆರಳನ್ನು ಮಾಡಿದನು. ಅದರಡಿಗೆ ಗೋಪಾಲಕರನ್ನೂ, ಮುದುಕರನ್ನೂ, ಮಕ್ಕಳನ್ನೂ, ದನಕರುಗಳನ್ನೂ ಕರೆದನು. ಏಳು ದಿನ ಅಲುಗದೆ ನಿಂತನು. ಅವರನ್ನು ಕಾಪಾಡಿದ್ದು ಆ ಆಸರೆ. ಅದರಡಿಯಲ್ಲಿ ಸಿರಿವಂತನ ಹಸುವಿಗೊಂದು ಮೂಲೆ, ಬಡವನ ಕರುವಿಗೊಂದು ಮೂಲೆ ಎಂಬ ಭೇದವಿರಲಿಲ್ಲ. ಭಗವಂತನು ತೋರಿಸಿದ ದಾರಿ ಇದಾಗಿರುವಾಗ ಭಕ್ತನ ಬೇಡಿಕೆಯೂ ಇದೇ ಆಗಬೇಡವೇ? “ಗಾಳಿಯನ್ನು ಬೇರೆಯವರ ಮೇಲೆ ತಿರುಗಿಸು” ಎಂಬುದನ್ನು ಬಿಟ್ಟು, “ಅದು ಎಲ್ಲಿಗೇ ಬರಲಿ, ಅಲ್ಲಿ ಆಸರೆಯೊಂದು ಸಿದ್ಧವಾಗಿರಲಿ, ನಮ್ಮಲ್ಲಿಗೆ ಬಂದರೆ ಅದನ್ನು ಎತ್ತಿ ಹಿಡಿಯುವ ಬಲ ನಮಗೆ ಬರಲಿ” ಎಂದು ಬೇಡೋಣ.

ಈ ಬೇಡಿಕೆ ಈಡೇರಿದ್ದನ್ನು ನಮ್ಮ ಕಾಲದಲ್ಲಿಯೇ ಕಂಡಿದ್ದೇವೆ. 1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪದ ಬಳಿ ಬಂದೆರಗಿದ ಮಹಾಚಂಡಮಾರುತದಲ್ಲಿ ಸುಮಾರು 10,000 ಜನ ಮಡಿದರು. ಹದಿನಾಲ್ಕು ವರ್ಷಗಳ ಅನಂತರ, 2013ರ ಅಕ್ಟೋಬರ್ 12ರಂದು, ಅದೇ ರಾಜ್ಯದ ಗೋಪಾಲಪುರದ ಬಳಿ ‘ಫೈಲಿನ್’ ಬಂದಿತು. ಆಗ ಇದೇ ನವರಾತ್ರಿ. ದುರ್ಗಾಪೂಜೆಯ ಚಪ್ಪರಗಳು ಸಿಂಗಾರಗೊಂಡು ನಿಂತಿದ್ದವು. ಸುಮಾರು 10 ಲಕ್ಷ ಜನರನ್ನು ಗಾಳಿ ಮುಟ್ಟುವ ಮೊದಲೇ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಸತ್ತವರ ಸಂಖ್ಯೆ ಕೆಲವೇ ಹತ್ತುಗಳಲ್ಲಿ ನಿಂತಿತು. ಎರಡು ಗಾಳಿಗಳ ಬಲ ಒಂದೇ ಆಗಿರಲಿಲ್ಲವೆಂಬುದು ನಿಜ. ಆದರೂ ಸಾವಿರಗಳಿಂದ ಹತ್ತುಗಳಿಗೆ ಇಳಿದುದಕ್ಕೆ ಅದೊಂದೇ ಕಾರಣವಲ್ಲ. ಹದಿನಾಲ್ಕು ವರ್ಷಗಳಲ್ಲಿ ಕಟ್ಟಿದ ಆಶ್ರಯಧಾಮಗಳು, ಬಾಗಿಲು ಬಾಗಿಲಿಗೆ ಹೋಗಿ ಕರೆದ ಸ್ವಯಂಸೇವಕರು, ಇಲಾಖೆಯು ಸಕಾಲದಲ್ಲಿ ಕೊಟ್ಟ ಸೂಚನೆ, ಮನೆ ಬಿಟ್ಟು ಬರಲು ಒಪ್ಪಿದ ಜನ, ಇವೆಲ್ಲ ಸೇರಿ ಎತ್ತಿದ ಗೋವರ್ಧನವದು. ಆ ವರ್ಷ ಅಷ್ಟಭುಜೆಯಾದ ತಾಯಿಯ ಕೈಗಳು ಎಷ್ಟಾಗಿದ್ದವೋ ಯಾರು ಎಣಿಸಬಲ್ಲರು!

“ಎಲ್ಲವೂ ದೈವೇಚ್ಛೆ, ನಾವು ಮಾಡುವುದೇನಿದೆ?” ಎನ್ನುವವರಿಗೆ ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಉತ್ತರವಿದೆ. ಯಾವ ಕಾರ್ಯಕ್ಕಾದರೂ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವವೆಂದು ಐದು ಕಾರಣಗಳನ್ನು ಭಗವಂತನು ಹೇಳುತ್ತಾನೆ. ಅಧಿಷ್ಠಾನವೆಂದರೆ ದೇಹವೆಂದು ವ್ಯಾಖ್ಯಾನಕಾರರು ಹೇಳುವರಾದರೂ, ನಮ್ಮ ಪ್ರಸಂಗಕ್ಕೆ ಅದನ್ನು ನಾವು ನಿಂತ ನೆಲವೆಂದು ತೆಗೆದುಕೊಳ್ಳೋಣ. ನಮ್ಮ ಬೀದಿ ತಗ್ಗಿನಲ್ಲಿದೆಯೇ, ಹತ್ತಿರದ ಕಾಲುವೆ ಯಾವುದು ಎಂದು ಅರಿಯುವುದು ಮೊದಲನೆಯದು. ಮಾಡುವವರು ಯಾರೆಂದು ನಿಶ್ಚಯಿಸುವುದು ಎರಡನೆಯದು. ದೀಪ, ಹಗ್ಗ, ಔಷಧ, ನೀರು ಮುಂತಾದ ಉಪಕರಣಗಳು ಮೂರನೆಯವು. ಓಡಾಡಿ ಮಾಡುವ ಪ್ರಯತ್ನ ನಾಲ್ಕನೆಯದು. ದೈವವು ಐದನೆಯದು. ಮೊದಲ ನಾಲ್ಕನ್ನು ಸಲ್ಲಿಸದೆ ಐದನೆಯದನ್ನು ಮಾತ್ರ ಕೇಳುವವನು ಖಾತೆಗೆ ಏನನ್ನೂ ಜಮಾ ಮಾಡದೆ ಬಡ್ಡಿ ಕೇಳಲು ಬಂದವನ ಹಾಗೆ. ಮೊದಲ ನಾಲ್ಕೇ ಸಾಕು, ಐದನೆಯದು ಬೇಡವೆನ್ನುವವನೂ ಸರಿಯಲ್ಲ; ಅವನಿಗೆ ಕಹಳೆಯ ಬಾಯಿಯಂತೆ ತೆರೆದುಕೊಳ್ಳುವ ಆ ಭೂಪಟವನ್ನು ತೋರಿಸಿದರೆ ಸಾಕು.

ಹೀಗೆ ಬೀಗುವವನಿಗೆ ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮಾಚಾರ್ಯರು ಧರ್ಮರಾಯನಿಗೆ ಹೇಳುವ ಕಥೆಯೊಂದಿದೆ. ಹಿಮವತ್ಪರ್ವತದಲ್ಲಿ ದೊಡ್ಡದೊಂದು ಬೂರುಗದ ಮರವಿತ್ತು. ನಾರದರು ಅದರ ನೆರಳಿಗೆ ಬಂದು, ಇಷ್ಟು ವಿಸ್ತಾರವಾದ ಕೊಂಬೆಗಳಲ್ಲಿ ಒಂದೂ ಮುರಿದಿಲ್ಲವಲ್ಲ, ವಾಯುವು ನಿನ್ನ ಗೆಳೆಯನೇ ಎಂದು ಕೇಳಿದರು. ವಾಯುವಿನ ಬಲ ತನ್ನ ಮುಂದೆ ಏನೂ ಅಲ್ಲವೆಂದು ಮರ ಬೀಗಿತು. ಸುದ್ದಿ ತಿಳಿದ ವಾಯುವು ಬಂದು, ನಾಳೆ ನನ್ನ ಬಲವನ್ನು ತೋರಿಸುವೆನೆಂದನು. ರಾತ್ರಿಯೆಲ್ಲ ಯೋಚಿಸಿದ ಮರ ತನ್ನ ಅಳವನ್ನು ಅರಿತು, ತನ್ನ ಕೊಂಬೆ ರೆಂಬೆ ಎಲೆ ಹೂಗಳನ್ನು ತಾನೇ ಉದುರಿಸಿಕೊಂಡು ಬೋಳಾಗಿ ನಿಂತಿತು. ಮುಂಜಾನೆ ಬಂದ ವಾಯುವು ನಕ್ಕು, ನಾನು ಮಾಡಬೇಕೆಂದಿದ್ದುದನ್ನು ನೀನೇ ಮಾಡಿಕೊಂಡಿರುವೆ ಎಂದನು. ಬಲ್ಲಿದನೊಡನೆ ವೃಥಾ ಹಗೆ ಬೇಡವೆಂಬುದು ಭೀಷ್ಮರ ನೀತಿ. ಕರಾವಳಿಯವರಾದ ನಮಗೆ ಇದರಲ್ಲಿ ಇನ್ನೊಂದು ಪಾಠವಿದೆ. ಮರ ತನ್ನ ಗರ್ವಕ್ಕೆ ತಕ್ಕ ನಾಚಿಕೆಯನ್ನು ಅನುಭವಿಸಿತು; ಆದರೆ ಎಚ್ಚರಿಕೆ ಸಿಕ್ಕ ಆ ಒಂದು ರಾತ್ರಿಯನ್ನು ವ್ಯರ್ಥಮಾಡಲಿಲ್ಲ. 2016ರ ಡಿಸೆಂಬರ್ 12ರಂದು ‘ವರ್ದಾ’ ಈ ನಗರವನ್ನು ಹಾಯ್ದು ಹೋದಾಗ ಬೀದಿಬೀದಿಯಲ್ಲಿ ಉರುಳಿದ ಸಾವಿರಾರು ಮರಗಳನ್ನು ಕಂಡವರಿಗೆ ಈ ಕಥೆ ಬರಿಯ ಕಥೆಯಾಗಿ ಕಾಣುವುದಿಲ್ಲ. ಅದರ ದಾರಿಯೂ ಮೊದಲು ಆಂಧ್ರದ ಕಡೆಗೇ ಇದೆಯೆನ್ನಲಾಗಿತ್ತು, ಆಮೇಲೆ ತಿರುಗಿತು.

ಆ ದಿನಗಳು ಇನ್ನೂ ಒಂದನ್ನು ಕಲಿಸಿದವು. ಹಳೆಯ ನೋಟುಗಳು ರದ್ದಾಗಿ ಆಗ ತಿಂಗಳೊಪ್ಪತ್ತು ಕಳೆದಿತ್ತಷ್ಟೆ. ಗಾಳಿಯ ಮರುದಿನಗಳಲ್ಲಿ ವಿದ್ಯುತ್ತಿಲ್ಲ, ದೂರವಾಣಿಯಿಲ್ಲ, ಕಾರ್ಡು ಉಜ್ಜುವ ಯಂತ್ರಗಳು ನಿಶ್ಚಲ. ಲಕ್ಷಗಟ್ಟಲೆ ಠೇವಣಿಯುಳ್ಳವರೂ ಹೂ ಮಾರುವ ಹೆಂಗಸೂ ಒಂದೇ ಸಾಲಿನಲ್ಲಿ ನಿಂತು, ಹಾಲಿಗೂ ಮೇಣದ ಬತ್ತಿಗೂ ಬೇಕಾದ ನಾಲ್ಕು ಚಿಲ್ಲರೆ ನೋಟುಗಳಿಗಾಗಿ ಕಾಯುತ್ತಿದ್ದುದನ್ನು ಗಾಜಿನ ಈಚೆಯಿಂದ ನೋಡಿದೆ. ಚಂಡಮಾರುತದ ಮುಂದೆ ಪಾಸುಬುಕ್ಕಿನ ಅಂಕಿಗಳು ಎಷ್ಟು ಹಗುರವೆಂಬುದಕ್ಕೆ ಬೇರೆ ಉಪನ್ಯಾಸ ಬೇಕಾಗಿಲ್ಲ.

ಆದುದರಿಂದ ಕಾಯುವ ದಿನಗಳನ್ನು ಒಂದು ವ್ರತವೆಂದು ಆಚರಿಸೋಣ. ವ್ರತಕ್ಕೆ ನಿಯಮಗಳಿರಬೇಕು. ಮೊದಲನೆಯದು, ಶ್ರವಣದ ನಿಯಮ. ಇಲಾಖೆಯ ಅಧಿಕೃತ ಸೂಚನೆಯನ್ನು ಹೊತ್ತುಹೊತ್ತಿಗೆ ಕೇಳುವುದು. ಮೊಬೈಲಿನಲ್ಲಿ ಹರಿದಾಡುವ ಗಾಳಿಮಾತನ್ನು ಮುಂದಕ್ಕೆ ಕಳಿಸದಿರುವುದು. ಎರಡನೆಯದು, ಗೆರೆ ಬೇರೆಡೆ ತಿರುಗಿತೆಂದು ಮೈಮರೆಯದಿರುವುದು. 2023ರ ಡಿಸೆಂಬರಿನಲ್ಲಿ ‘ಮಿಚಾಂಗ್’ ದಡ ಸೇರಿದ್ದು 5ರಂದು ಆಂಧ್ರದ ಬಾಪಟ್ಲದ ಬಳಿ. ಆದರೆ ಅದು ನಮ್ಮ ತೀರದ ಪಕ್ಕದಲ್ಲಿ ನಿಧಾನವಾಗಿ ಸಾಗುತ್ತ 3 ಮತ್ತು 4ರಂದು ಸುರಿಸಿದ ಮಳೆಯಲ್ಲಿ ವೇಳಚೇರಿ, ಪಳ್ಳಿಕರಣೆಯ ಮನೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. 2024ರ ನವೆಂಬರ್ ಕೊನೆಯಲ್ಲಿ ‘ಫೆಂಗಲ್’ ಚಂಡಮಾರುತವಾಗುತ್ತದೆ ಎಂದರು, ಆಗುವುದಿಲ್ಲ ಎಂದರು, ಕಡೆಗೆ ಆಯಿತು. 30ರ ರಾತ್ರಿ ಪುದುಚೇರಿಯ ಬಳಿ ದಡ ಮುಟ್ಟಿ, ಅಲ್ಲಿಯೇ ಗಂಟೆಗಟ್ಟಲೆ ನಿಂತು, ಪುದುಚೇರಿ, ವಿಳುಪ್ಪುರಂಗಳನ್ನು ಮುಳುಗಿಸಿತು. ಅದರ ಶೇಷವು ಪಶ್ಚಿಮಕ್ಕೆ ಸಾಗಿ ನಮ್ಮ ಕರ್ನಾಟಕದಲ್ಲಿಯೂ ಮಳೆಗರೆಯಿತು. 2015ರ ಡಿಸೆಂಬರಿನಲ್ಲಿ ಅಡಯಾರು ನದಿ ಉಕ್ಕಿ ನಗರವೇ ಮುಳುಗಿದಾಗ ಹೆಸರಿಟ್ಟ ಯಾವ ಚಂಡಮಾರುತವೂ ಇರಲಿಲ್ಲವೆಂಬುದನ್ನೂ ಮರೆಯಬಾರದು.

ಮೂರನೆಯ ನಿಯಮ, ಸುದ್ದಿ ತಲುಪದವರಿಗೆ ತಲುಪಿಸುವುದು. 2017ರ ನವೆಂಬರ್ ಕೊನೆಯಲ್ಲಿ ‘ಒಖಿ’ ಎದ್ದಾಗ ಕನ್ಯಾಕುಮಾರಿ ಮತ್ತು ಕೇರಳದ ಎಷ್ಟೋ ಮೀನುಗಾರರು ಆಗಲೇ ನಡುಗಡಲಿನಲ್ಲಿದ್ದರು. ಎಚ್ಚರಿಕೆಯ ಮಾತು ಅವರ ದೋಣಿಗಳನ್ನು ಮುಟ್ಟಲಿಲ್ಲ, ಅನೇಕರು ಮರಳಲಿಲ್ಲ. ನಮ್ಮ ನಡುವೆಯೂ ಅಂಥ ದೋಣಿಗಳಿವೆ. ಮಕ್ಕಳನ್ನು ಪರದೇಶಕ್ಕೆ ಕಳಿಸಿ ಮೂರನೆಯ ಮಹಡಿಯಲ್ಲಿ ಒಂಟಿಯಾಗಿರುವ ವೃದ್ಧ ದಂಪತಿಗಳು, ಕಾಲುವೆಯ ದಂಡೆಯ ಗುಡಿಸಿಲಿನಿಂದ ನಮ್ಮ ಮನೆಗೆಲಸಕ್ಕೆ ಬರುವ ತಾಯಿ, ಬೇರೆ ರಾಜ್ಯದಿಂದ ಬಂದು ಇಲ್ಲಿಯ ಭಾಷೆ ತಿಳಿಯದ ಕಾವಲುಗಾರ. ಇವರ ಬಾಗಿಲನ್ನು ತಟ್ಟಿ ಬಂದ ಮೇಲೆ ದೇವರ ಮುಂದೆ ದೀಪ ಹಚ್ಚಿದರೆ ಆ ದೀಪ ಹೆಚ್ಚು ಬೆಳಗುತ್ತದೆ.

ನಾಲ್ಕನೆಯದು ಮುಖ್ಯವಾದುದು. ಆಪತ್ತು ಬಂದಾಗ ಅರಿಸಿನದ ಬಟ್ಟೆಯಲ್ಲಿ ಕಾಣಿಕೆಯ ಮುಡಿಪು ಕಟ್ಟಿಡುವುದು ನಮ್ಮ ಮನೆತನಗಳ ಪದ್ಧತಿ. ಚಂಡಮಾರುತ ಎದ್ದ ದಿನ ಮುಡಿಪನ್ನು ಕಟ್ಟೋಣ. ಗಾಳಿ ನಮ್ಮನ್ನು ಬಿಟ್ಟು ಬೇರೆಡೆಗೆ ಹೋದರೆ, ದೇವರ ಪಾಲನ್ನು ದೇವರಿಗೆ ಸಲ್ಲಿಸಿ, ಅಷ್ಟೇ ಮೊತ್ತವನ್ನು ಗಾಳಿ ಹೋದ ಊರಿಗೂ ಕಳಿಸೋಣ. ನಮ್ಮ ಕಿಟಕಿಯ ಗಾಜು ಒಡೆಯದೆ ಉಳಿದುದರ ಬೆಲೆ ಅಲ್ಲಿಯ ಗುಡಿಸಿಲಿನ ಹೊದಿಕೆಯಾಗಲಿ. ಹಣ ಚಿಕ್ಕದಿರಬಹುದು. ಆದರೆ “ಅಲ್ಲಿ ದೀಪ ಹಚ್ಚಿದವರು ಯಾರೂ ಇಲ್ಲವೇ?” ಎಂದು ಆ ಹಿರಿಯ ತಾಯಿ ಕೇಳಿದ ಪ್ರಶ್ನೆಗೆ ನಾವು ಕೊಡಬಹುದಾದ ಉತ್ತರ ಅದೊಂದೇ. “ಇದ್ದಾರೆ, ಅವರ ದೀಪಕ್ಕೆ ನಮ್ಮ ಎಣ್ಣೆಯೂ ಸೇರಲಿ” ಎಂಬ ಉತ್ತರ. ಸಂಘದ ಸದಸ್ಯರೆಲ್ಲರೂ ಹೀಗೆ ಮುಡಿಪನ್ನು ಒಂದೆಡೆ ಕೂಡಿಸುವ ಸಂಪ್ರದಾಯವನ್ನು ಈ ದಸರೆಯಿಂದಲೇ ಆರಂಭಿಸಿದರೆ ಅದು ನಾಡಹಬ್ಬಕ್ಕೆ ಶೋಭೆ ತರುವ ಕಾರ್ಯವಾದೀತು.

ಮಹಾನವಮಿಯಂದು ನಾವು ಆಯುಧಗಳಿಗೆ ಅರಿಸಿನ ಕುಂಕುಮವಿಟ್ಟು ಪೂಜಿಸುತ್ತೇವೆ. ಲೇಖನಿಯೂ ಆಯುಧ, ವಾಹನವೂ ಆಯುಧ. ಈ ಸಲ ಮನೆಯ ಕೈದೀಪಕ್ಕೂ, ಹಗ್ಗಕ್ಕೂ, ಔಷಧದ ಡಬ್ಬಿಗೂ ಒಂದು ಬೊಟ್ಟು ಇಡೋಣ. ವಿಜಯದಶಮಿಯಂದು ಬನ್ನಿಯ ಎಲೆಯನ್ನು ಬಂಗಾರವೆಂದು ಹಂಚುವಾಗ, ಪಾಂಡವರು ಅಜ್ಞಾತವಾಸಕ್ಕೆ ಹೊರಡುವ ಮುನ್ನ ಆ ಮರದಲ್ಲಿ ತಮ್ಮ ಆಯುಧಗಳನ್ನು ಕಟ್ಟಿಟ್ಟಿದ್ದರೆಂಬುದನ್ನು ನೆನೆಯೋಣ. ಕಷ್ಟ ಯಾವ ದಿಕ್ಕಿನಿಂದ ಬರುವುದೆಂದು ಅವರಿಗೂ ತಿಳಿದಿರಲಿಲ್ಲ. ಬೇಕಾದಾಗ ಕೈಗೆಟಕುವಂತೆ ಸಿದ್ಧವಾಗಿಟ್ಟಿದ್ದರು. ಹೊತ್ತು ಬಂದಾಗ ಇಳಿಸಿಕೊಂಡರು. ಅವರು ಆಯುಧಗಳನ್ನು ಇಳಿಸಿದ್ದು ತಮ್ಮ ರಾಜ್ಯಕ್ಕಾಗಿ ಅಲ್ಲ, ಆಶ್ರಯ ಕೊಟ್ಟ ವಿರಾಟರಾಯನ ಗೋವುಗಳನ್ನು ಉಳಿಸುವುದಕ್ಕಾಗಿ. ಹೊಟ್ಟೆಪಾಡಿಗೆಂದು ಬಂದ ನಮಗೆ ಆಶ್ರಯ ಕೊಟ್ಟ ಈ ಕರಾವಳಿಗೂ ನಾವು ಅಷ್ಟು ಸಲ್ಲಿಸಬೇಡವೇ?

ತಾಯೀ ಜಗದಂಬೆ, ಈ ವರ್ಷವೂ ನಿನ್ನ ಸಮುದ್ರ ಬೆಚ್ಚಗಾಗಿದೆ, ನಿನ್ನ ಗಾಳಿ ಸುರುಳಿ ಸುತ್ತಲಿದೆ. ಅದರ ದಾರಿ ನಿನಗೆ ತಿಳಿದಿದೆ, ನಮಗೆ ಅರ್ಧ ತಿಳಿದಿದೆ. ತಿಳಿದ ಅರ್ಧದಲ್ಲಿ ನಮಗೆ ಶ್ರದ್ಧೆಯನ್ನು ಕೊಡು, ತಿಳಿಯದ ಅರ್ಧದಲ್ಲಿ ಧೈರ್ಯವನ್ನು ಕೊಡು. ನಮ್ಮ ಕೆರೆಗಳು ತುಂಬಲಿ, ಯಾರ ಮನೆಯೂ ತುಂಬದಿರಲಿ. ಗಾಳಿ ಯಾವ ಊರನ್ನು ಹಾಯ್ದರೂ ಆ ಊರಿನ ಕೂಸು ಮರುದಿನ ಬೆಳಗ್ಗೆ ತನ್ನ ತಾಯಿಯ ಮಡಿಲಿನಲ್ಲಿಯೇ ಕಣ್ಣು ತೆರೆಯಲಿ.

ಎಲ್ಲರಿಗೂ ನಾಡಹಬ್ಬದ ಶುಭಾಶಯಗಳು.